ಹರಿಯುವ ರಕ್ತ ನಿಮ್ಮ ಮೇಜಿನ ಮೇಲೆ ಹೆಪ್ಪುಗಟ್ಟಿದ ಬಗ್ಗೆ

ಸೋಲಾಪುರದ ಪಶುರಕ್ತ ತಪಾಸಣಾ ಕಚೇರಿಯ ದೊಡ್ಡ ಸಾಹೇಬರೇ,

ನಮ್ಮ ನಾಯಿ ಬಂಡ್ಯಾನ ಮೂಗಿನಿಂದ ಎಂಟು ದಿನದಿಂದ ರಕ್ತ ನಿಂತಿಲ್ಲ. ಅವನಿಗೆ ಗುಣವಾಗಿದೆ ಎಂದು ನೀವು ಬರೆದು ಕಳಿಸಿದ್ದೀರಿ. ನಾನು ಯಾವುದನ್ನು ನಂಬಲಿ? ಅವನ ಮೂಗನ್ನೋ, ಕಾಗದದ ಮೇಲೆ ನೀವು ಒತ್ತಿದ ಶಿಕ್ಕಾವನ್ನೋ?

ನಾನು ಆರನೆಯ ಇಯತ್ತೆ ಮುಗಿಸದೆ ಶಾಲೆ ಬಿಟ್ಟವಳು. ಚಿಂತೆ ಮಾತ್ರ ಕಲಿತವರಿಗಿಂತ ಹೆಚ್ಚು ಮಾಡುತ್ತೇನೆ. ಆದ್ದರಿಂದ ನಮ್ಮ ದುಧನಿಯ ದನದ ಡಾಕ್ಟರು ಕೈಲಾಸ ಅವರನ್ನು ಬೆನ್ನು ಬಿಡದೆ ಕೇಳಿದೆ. "ಉಣ್ಣಿ ಕಡದು ಜ್ವರ ಬಂದ್ರ ರಕ್ತ ಹೆಪ್ಪುಗಟ್ಟಸೋ ಕಣಾ ಕಮ್ಮಿ ಆಗ್ತಾವ್ರಿ ರತ್ನಾಬಾಯಾರ. ಇಲಿ ಪಾಷಾಣ ತಿಂದಿದ್ರೂ ಹಿಂಗ, ಲಿವರ್ ಕೆಟ್ಟಿದ್ರೂ ಹಿಂಗ. ಒಂದರ ಔಷಧ ಇನ್ನೊಂದಕ್ಕ ನಡ್ಯಂಗಿಲ್ಲ. ತಪಾಸಣಿ ಆಗಾಕೇ ಬೇಕು" ಎಂದರು. ನಮ್ಮದು ಬೇಳೆ ವ್ಯಾಪಾರದ ಮನೆ. ಗೋದಾಮಿನಲ್ಲಿ ಇಲಿಗಳಿವೆ, ಇಲಿಗಳಿಗೆ ಪಾಷಾಣವಿದೆ, ಬಂಡ್ಯಾನ ಕಿವಿಯಲ್ಲಿ ಉಣ್ಣಿಗಳೂ ಇವೆ. ಮೂರು ಹೊತ್ತೂ ಒಂದೊಂದನ್ನು ನೆನೆದು ಅತ್ತೆ.

ಮಂಗಳವಾರ ಅವನನ್ನು ಹಾಸಿಗೆ ಸಮೇತ ಜೀಪಿನಲ್ಲಿ ಹಾಕಿಕೊಂಡು ನಿಮ್ಮಲ್ಲಿಗೆ ಬಂದೆವು. ರಕ್ತ ಹೆಪ್ಪಾಗದಂತೆ ಔಷಧ ಹಾಕಿದ ಬಾಟಲಿಯಲ್ಲೇ ತೆಗೆಯಬೇಕೆಂದು ಡಾಕ್ಟರ ಚೀಟಿ ಇತ್ತು. ನಿಮ್ಮ ಕಾರಕೂನ ಚೀಟಿ ಓದಿದ. "ಆ ಬಾಟ್ಲಿ ಕಪಾಟಿನ್ಯಾಗ ಅದಾವ್ರಿ ಬಾಯಿ. ಕೀಲಿ ಸಾಹೇಬ್ರ ಕಡೆ, ಸಾಹೇಬ್ರು ಮೀಟಿಂಗಿನ್ಯಾಗ."

"ಮೀಟಿಂಗ್ ಎಷ್ಟಕ್ಕ ಮುಗಿತದೋ ತಮ್ಮಾ?"

"ಅದು ಮುಗಿಯಂಗಿಲ್ರಿ. ಚಹಾಕ್ಕ ಬಿಡ್ತಾರ."

ಚಹಾಕ್ಕೂ ಬಿಡಲಿಲ್ಲ. ಬರಿಯ ಬಾಟಲಿಯಲ್ಲಿ ರಕ್ತ ತೆಗೆದು ನಿಮ್ಮ ಮೇಜಿನ ಮೇಲಿಟ್ಟರು. ಸಂಜೆಯವರೆಗೆ ಅದು ನಿಮ್ಮ ಸಹಿಯ ದಾರಿ ಕಾಯಿತು. ಗುರುವಾರ ಬಂದ ಮರಾಠಿ ಕಾಗದವನ್ನು ಮಗಳು ಸ್ನೇಹಲ ಓದಿ ಹೇಳಿದಳು: ತಕ್ರಾರು, ರಕ್ತ ಹೆಪ್ಪುಗಟ್ಟುವುದಿಲ್ಲ. ತಪಾಸಣೆಯಲ್ಲಿ ಕಂಡದ್ದು, ರಕ್ತ ಹೆಪ್ಪುಗಟ್ಟಿದೆ. ತಕ್ರಾರು ನಿಕಾಲಿ, ಅಂದರೆ ನಾಯಿಗೆ ಗುಣವಾಗಿದೆ, ತಕ್ರಾರು ಮುಗಿಯಿತು.

ಫೋನು ಮಾಡಿದರೆ ಅದೇ ಕಾರಕೂನ, "ಗುಣ ಆದ ಜನಾವರದ ರಕ್ತ ಮತ್ತ ತಗೊಳ್ಳಾಕ ನಿಯಮ ಇಲ್ರಿ" ಎಂದ. ಹಾಗಾದರೆ ಸಾಹೇಬರೇ, ಜಗತ್ತಿನಲ್ಲಿ ಔಷಧಗಳಾದರೂ ಏಕೆ? ಜಿಲ್ಲೆಯ ರೋಗದ ನಾಯಿಗಳನ್ನೆಲ್ಲ ಸಾಲಾಗಿ ನಿಮ್ಮ ಮೇಜಿನ ಮೇಲೆ ಸಂಜೆತನಕ ಕೂಡಿಸಿದರೆ ಸಾಲದೇ? ಒಂದು ಚಮಚ ರಕ್ತಕ್ಕೆ ಆದ ಗುಣ, ಅದೇ ಮೇಜಿನ ಕೆಳಗೆ ಮಲಗಿದ್ದ ಬಂಡ್ಯಾನಿಗೆ ಏಕೆ ತಗಲಲಿಲ್ಲ? ಗುಣವಾದದ್ದು ನಿಮ್ಮ ಬಾಟಲಿಗೆ. ಬಾಟಲಿಯನ್ನು ನಾನು ಸಾಕಿಲ್ಲ.

ನನ್ನ ಬೇಡಿಕೆ ಒಂದೇ. ಮುಚ್ಚಿದ ತಕ್ರಾರನ್ನು ಇಂದೇ ತೆರೆಯಿರಿ. ಡಾಕ್ಟರು ಅಕ್ಕಲಕೋಟೆಯಿಂದ ಔಷಧದ ಬಾಟಲಿ ತರಿಸಿ ಈಗಷ್ಟೇ ಎರಡನೆಯ ಸಲ ರಕ್ತ ತೆಗೆದಿದ್ದಾರೆ. ಅದನ್ನೂ ಈ ಪತ್ರವನ್ನೂ ಹಿಡಿದು ರೈಲಿಗೆ ಹೋಗಲು ಸ್ನೇಹಲ ಬಾಗಿಲಲ್ಲಿ ನಿಂತಿದ್ದಾಳೆ. ಪತ್ರದ ಫೋಟೊ ಪೇಪರಿನವರಿಗೂ ಹೋಗುತ್ತದೆ. ಅವಳು ಬಂದಾಗ ಮೀಟಿಂಗಿನಿಂದ ಎದ್ದು ಬನ್ನಿ. "ಮೂರನೇ ಸಲ ನಾ ಸೂಜಿ ಹಾಕಂಗಿಲ್ರಿ. ಹಾಕಿದ್ರ ಅಂವ ಉಳ್ಯಂಗಿಲ್ಲ" ಎಂದು ಡಾಕ್ಟರು ಹೇಳಿದ್ದಾರೆ. ಚುಚ್ಚಿ ಅರ್ಧ ತಾಸಾಯಿತು, ಆ ಜಾಗ ಇನ್ನೂ ಒಸರುತ್ತಿದೆ.

ಇಂತಿ,
ಎಡಗೈ ಹೆಬ್ಬೆರಳಿನಿಂದ ಬಂಡ್ಯಾನ ಕಾಲು ಒತ್ತಿ ಹಿಡಿದು, ಬಲಗೈಯಿಂದ ಇಷ್ಟು ಬರೆದ
ರತ್ನಾಬಾಯಿ, ದುಧನಿ