ಮಿಡತೆಗಳ ಮುಂದಿನ ವಚನ

ಹೊಳಿಯಪ್ಪ,

ನೀನು ಓದುವುದಿಲ್ಲವೆಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ಈ ಭಾನುವಾರ ನಮ್ಮ ಪ್ರಾರ್ಥನಾ ಮಂದಿರದಲ್ಲಿ ಗಂಗಾವತಿಯಿಂದ ಬಂದ ಹೊಸ ಪಾಸ್ಟರ್ ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆ ಗ್ರಂಥ ತೆರೆದ. ಕಡೆಯ ಕಾಲದ ಮಿಡತೆಗಳೆಂದರೆ ನಮ್ಮ ನವಲಿಯ ಭತ್ತದ ಗದ್ದೆಗಳ ಮೇಲೆ ಔಷಧಿ ಹೊಡೆಯುವ ಡ್ರೋನ್‌ಗಳೇ ಅಂತೆ! ರೆಕ್ಕೆಯ ಸದ್ದು ಹೊಂದುತ್ತದಂತೆ, ವಿಷವೂ ಹೊಂದುತ್ತದಂತೆ! ಆ ಮಹಾಜ್ಞಾನಿ ಬೈಬಲ್ ಓದಿದ್ದಕ್ಕಿಂತ ಯೂಟ್ಯೂಬ್ ನೋಡಿದ್ದೇ ಹೆಚ್ಚು. ನಮ್ಮ ಕುರಿಮಂದೆ ಹಲ್ಲೆಲೂಯ ಎಂದು ಚಪ್ಪಾಳೆ ತಟ್ಟಿತು.

ಇದೇ ಮಂದಿರದಲ್ಲಿ ನೀನು ಬೈಬಲ್ ಓದಿ ಕಲಿಸಿದ್ದನ್ನು ನೆನಪಿಟ್ಟವಳು ಒಬ್ಬಳೇ, ಓದು ಬಾರದ ಪಕ್ಕೀರವ್ವ. ಎದ್ದು ನಿಂತು ಕೇಳಿದಳು: “ಅಯ್ಯನವರ, ಹುಲ್ಲು ಹಸರು ಮುಟ್ಟಬ್ಯಾಡ್ರಿ ಅಂತ ಆ ಮಿಡತಿಗೆ ಮುಂದಿನ ವಚನದಾಗ ಅಪ್ಪಣಿ ಐತಲ್ರಿ? ಡ್ರೋನು ಹಸರಿಗೇ ಹೊಡಿತೈತಿ. ಮತ್ತ, ಇದನ್ನ ಮೊದಲ ಯಾರಿಗೆ ಬರದಿದ್ರೋ ಅವ್ರಿಗೆ ಡ್ರೋನು ಅಂದ್ರ ಏನ್ ತಿಳಿತಿತ್ರಿ?”

ಪಾಸ್ಟರ್ ಬೆವರು ಒರೆಸಿಕೊಂಡು ಸಭೆಯ ಹಿರಿಯನಾದ ನನ್ನ ಕಡೆ ನೋಡಿದ. ಅವನಿಗೆ ಆ ವಚನ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಒಂಬತ್ತನೆಯ ಅಧ್ಯಾಯ, ನಾಲ್ಕನೆಯ ವಚನ. ನನ್ನ ಬೆರಳು ಅದರ ಮೇಲೆಯೇ ಇತ್ತು. ಇನ್ನೊಂದು ಕೈಯಲ್ಲಿ ಮೈಕಿತ್ತು.

“ನಂಬಿಕಿ ಇದ್ದವ್ರು ಪ್ರಶ್ನಿ ಕೇಳಂಗಿಲ್ಲ. ಕುಂದ್ರಬೇ,” ಎಂದೆ.

ಮುದುಕಿ ಕೂರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದಳು, ಎರಡು ವರ್ಷದ ಹಿಂದೆ ನೀನು ಹೋದ ಹಾಗೆ. ಅವತ್ತು ನಿನಗೂ ಇದೇ ಮಾತು ಹೇಳಿದ್ದೆ, ಇದೇ ಮೈಕಿನಲ್ಲಿ.