ಹೊಂದಿಕೆಯಾದವನ ಹೆಸರು

ಫೆಬ್ರವರಿ 3, ಸೋಮವಾರ

ಬೆಳಗಿನ ರೈಲಿಗೆ ಮತ್ತೆ ಬೆಂಗಳೂರು. ಅವ್ವ, ತಂಗಿ ನಂದಿತಾ ಆಸ್ಪತ್ರೆ ಪಕ್ಕದ ಬಾಡಿಗೆ ಕೋಣೆಯಲ್ಲಿ. ತಂಗಿಯ ರಕ್ತದ ಕ್ಯಾನ್ಸರ್ ಕಿಮೋಗೆ ಅಡಗಿದೆ. ಮತ್ತೆ ಏಳುವ ಮೊದಲು ಬೇರೆಯವರ ಅಸ್ಥಿಮಜ್ಜೆ ಹಾಕಬೇಕು. ಅದಕ್ಕೆ ಎಚ್‌ಎಲ್‌ಎ ಹೊಂದಬೇಕು. ಜೀವಕೋಶಗಳ ಮೇಲಿನ ಗುರುತು ಅದು. ನಮ್ಮದು ಯಾವುದು, ಹೊರಗಿನದು ಯಾವುದು ಎಂದು ರೋಗನಿರೋಧಕ ಶಕ್ತಿ ತಿಳಿಯುವುದು ಅದರಿಂದಲೇ. ಹೊಂದದಿದ್ದರೆ ಹೊಸ ಮಜ್ಜೆ ಅವಳ ಮೈಮೇಲೆಯೇ ಯುದ್ಧಕ್ಕೆ ನಿಲ್ಲುತ್ತದೆ. ನನ್ನದು ಒಂದೂ ಹೊಂದಲಿಲ್ಲ. ಅವ್ವನದು ಅರ್ಧ... ಆದರೆ ಮಜ್ಜೆ ಕೊಡುವುದನ್ನು ಅವಳ ದುರ್ಬಲ ಹೃದಯ ತಡೆಯದು.

"ನಿಮ್ಮ ಜನರಲ್ಲೇ ಹುಡುಕಿ, ಸಿಗೋ ಸಾಧ್ಯತೆ ಜಾಸ್ತಿ" ಎಂದರು ಡಾಕ್ಟರು.

"ರಕ್ತದಲ್ಲೂ ಜಾತೀನಾ ಸಾರ್?"

"ಜಾತಿ ಅಲ್ಲಪ್ಪ. ನೂರಾರು ವರ್ಷ ಒಳಗೊಳಗೇ ಮದುವೆ ಆದ್ರೆ ಗುರುತುಗಳೂ ಒಳಗೇ ಉಳ್ಕೊಳ್ತವೆ."

ನಂದಿತಾ ನಕ್ಕಳು. "ಬಿಡಿ ಡಾಕ್ಟ್ರೇ, ಈಗ ಎಚ್‌ಎಲ್‌ಎ ವಿರುದ್ಧ ಧರಣಿ ಕೂರ್ತಾನೆ ಇವನು."

ಫೆಬ್ರವರಿ 16, ಭಾನುವಾರ

ದಾನಿಗಳ ನೋಂದಣಿ, ಮೂರನೇ ಶಿಬಿರ. ಕೆನ್ನೆಯೊಳಗೆ ಹತ್ತಿಕಡ್ಡಿ ಉಜ್ಜಿ ಲಕೋಟೆಗೆ ಹಾಕುವುದು, ಅಷ್ಟೇ. ಬೇಲೂರಿನಲ್ಲಿ ನಮ್ಮ ಕೇರಿಯವರೇ ಎಪ್ಪತ್ತು ಜನ. ಇವತ್ತು ಜಾವಗಲ್. ಮೇಲಿನ ಬೀದಿಯ ಜಮೀನುದಾರರ ಪೈಕಿ ಬಂದವನು ಒಬ್ಬನೇ — ಲಕ್ಷ್ಮೀಶ, ನನ್ನ ಕಾಲೇಜಿನವನು.

"ಏನ್ಲಾ ದೀಪಕ, ನನ್ ಎಂಜಲೂ ಬೇಕಾ ನಿಂಗೆ?" ಎನ್ನುತ್ತಾ ಬಾಯಿ ತೆರೆದ.

ಏಪ್ರಿಲ್ 21

ದಾನಿ ಸಿಕ್ಕಿದರು! ಹತ್ತು ಗುರುತಿಗೆ ಹತ್ತೂ ಹೊಂದಿವೆ. ಯಾರೆಂದು ನೋಂದಣಿಯವರು ಹೇಳುವಂತಿಲ್ಲ, ನಾವು ಕೇಳುವಂತಿಲ್ಲ. ಮೇ 12ಕ್ಕೆ ನಂದಿತಾ ಅಡ್ಮಿಟ್.

ಏಪ್ರಿಲ್ 24

ಲಕ್ಷ್ಮೀಶನ ಫೋನ್. "ಯಾವ್ದೋ ಇಪ್ಪತ್ತರ ಹುಡುಗಿಗೆ ನಂದು ಮ್ಯಾಚ್ ಅಂತೆ. ಮೇ ತಿಂಗ್ಳಲ್ಲಿ ಕೊಡ್ಬೇಕು. ನಿನ್ ತಂಗೀನೇ ಇರ್ಬೇಕು ಕಣೋ. ಬಾಯ್ ಬಿಡ್ಬೇಡ. ಯಾರ್ಗೂ ಗೊತ್ತಾಗಲ್ಲ ಅಂತಾನೇ ಅಮ್ಮ ಒಪ್ಪವ್ಳೆ."

ಡಾಕ್ಟರಿಗೆ ಉತ್ತರ ಸಿಕ್ಕಿತು. ಇಡೀ ತಾಲ್ಲೂಕಿಗೇ ಉತ್ತರ! ಇಂಥದ್ದನ್ನು ಮುಚ್ಚಿಡುವುದು ದ್ರೋಹ. ಕರಪತ್ರ ಬರೆದೆ. ತಲೆಬರಹ: ಜಾವಗಲ್ ಲಕ್ಷ್ಮೀಶನ ಮಜ್ಜೆ, ನಮ್ಮ ಕೇರಿಯ ನಂದಿತಾಳ ಜೀವ.

ಮೇ 2

ಐನೂರು ಪ್ರತಿ. ಅರಸೀಕೆರೆ, ಹಳೇಬೀಡು, ಜಾವಗಲ್ ಬಸ್ ಸ್ಟ್ಯಾಂಡುಗಳಲ್ಲಿ ಹಂಚಿದೆ. ಒಂದೂ ಉಳಿಯಲಿಲ್ಲ.

ಮೇ 5

ಜಾವಗಲ್. ಲಕ್ಷ್ಮೀಶ ಫೋನ್ ಎತ್ತದ್ದಕ್ಕೆ ಮನೆಗೇ ಹೋದೆ. ಅವನ ತಾಯಿ ಲಲಿತಮ್ಮ ಬಾಗಿಲಲ್ಲೇ ನಿಂತಿದ್ದರು. "ಕೊಡೋದ್ ಬ್ಯಾಡ ಅಂತ ನಾನ್ ಅಂದಿರ್ಲಿಲ್ಲ ಕಣಪ್ಪ. ಲಕ್ಷ್ಮೀಶಂಗೆ ನೋಡಿದ್ದ ಹೆಣ್ಣಿನ ಕಡೆಯೋರು ನಿನ್ ಚೀಟಿ ಹಿಡ್ಕಂಡ್ ಬಂದಿದ್ರು. ಸಂಬಂಧ ಮುರಿದೋಯ್ತು."

ಕಾಲು ಹಿಡಿದೆ. "ಏಳು, ಏಳು" ಎಂದು ಅವರೂ ಅತ್ತರು.

ಲಕ್ಷ್ಮೀಶ ಹೊರಗೆ ಬಂದ. "ಆಗಲ್ಲ ಅಂತ ಬೆಂಗ್ಳೂರಿಗೆ ಹೇಳ್ಬಿಟ್ಟೆ. ನಿಂಗೆ ಬೇಕಾಗಿದ್ದು ನಾನಲ್ಲ ಕಣೋ, ನನ್ ಜಾತಿ."

ಜೂನ್ 11, ಮಧ್ಯಾಹ್ನ

ಬೇರೆ ಯಾರೂ ಹೊಂದಲಿಲ್ಲ. ಕಾಯಿಲೆ ಎದ್ದಿದೆ. ಇನ್ನು ಮಜ್ಜೆ ಸಿಕ್ಕರೂ ಪ್ರಯೋಜನವಿಲ್ಲವಂತೆ. ನಾಳೆ ಮನೆಗೆ.

ಊರಿಗೆಲ್ಲ ಗೊತ್ತು. ಅವ್ವ, ನಂದಿತಾ ಇಬ್ಬರಿಗೆ ಮಾತ್ರ ಗೊತ್ತಿಲ್ಲ. ಇವತ್ತೇ ಹೇಳಬೇಕು. ಅವ್ವ ಔಷಧಿ ಅಂಗಡಿಗೆ ಹೋದಳು. ನಂದಿತಾಗೆ ಗಂಜಿ ಕುಡಿಸುತ್ತಿದ್ದೆ.

"ಅಣ್ಣ, ಕೊಡ್ತೀನಿ ಅಂದಿದ್ದೋರಿಗೆ ಏನೂ ಆಗಿಲ್ಲ ತಾನೇ? ಪಾಪ, ಹುಷಾರ್ ತಪ್ಪಿತೇನೋ."

ಹೇಳಿದೆ. ಎಲ್ಲವನ್ನೂ.

ಬೈಯಲಿಲ್ಲ. ಗಂಜಿ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ — "ಅವ್ವಂಗೆ ನಾನೇ ಹೇಳ್ತೀನಿ. ನೀನ್ ಹೇಳಿದ್ರೆ ನಿನ್ ಮುಖ ನೋಡಲ್ಲ ಅವಳು. ಇನ್ಮೇಲೆ ಅವಳಿಗೆ ಅಂತ ಇರೋದು ನೀನೊಬ್ನೇ."

ಅವ್ವ ಬಂದಾಗ ನಾನು ಬಟ್ಟಲು ಹಿಡಿದು ಹೊರಗೆ ಬಂದೆ, ಹೇಳುವುದನ್ನು ನಂದಿತಾಗೇ ಬಿಟ್ಟೆ.