ಚಿತ್ರದ ಬಂದರಿನಲ್ಲಿ ಬೆಳಗು

ಕಮೊಲ್ಯಿ,
೧೨ ಮಾರ್ಚ್ ೧೯೮೭

ನನ್ನ ಮುದ್ದು ಫಿಯಮೆಟ್ಟಾ,

ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯಲಿಲ್ಲ, ಕೋಪ ಬೇಡ. ಮೊಣಕಾಲು ನೋವು ಇಳಿದಿದೆ. ಟೂರಿನ್‌ನಲ್ಲಿ ಚಳಿ ಬಿಟ್ಟಿತೇ? ಔಷಧಿ ಅಂಗಡಿಯಲ್ಲಿ ಇಡೀ ದಿನ ನಿಂತೇ ಇರಬೇಡ.

ಇಲ್ಲೊಂದು ತಮಾಷೆಯಾಯಿತು. ನಾನು ಕಾವಲು ಕೂರುವ ಚಿತ್ರಶಾಲೆಯ ಕೋಣೆಯಲ್ಲಿ ಹಳೆಯ ಬಂದರಿನ ದೊಡ್ಡ ಚಿತ್ರವಿದೆಯಲ್ಲ, ಅದನ್ನು ಪ್ರೊಫೆಸರ್ ರವಾನೊ ಹೋದ ತಿಂಗಳು ಪ್ರವಾಸಿಗರಿಗೆ ವಿವರಿಸುತ್ತಿದ್ದರು. “ಮುಳುಗುವ ಸೂರ್ಯ, ಹೊರಟ ಹಡಗು, ದಡದಲ್ಲಿ ಬೀಳ್ಕೊಡುವ ಹೆಂಗಸು. ಇದು ಬಾಳಿನ ಸಂಜೆ.” ಒಂಬತ್ತು ವರ್ಷ ಕೇಳಿ ಕೇಳಿ ಸಾಕಾಗಿತ್ತು. ಬಾಯಿ ತಡೆಯಲಿಲ್ಲ.

“ಮೇಷ್ಟ್ರೇ, ಅದು ಸಂಜೆ ಅಲ್ಲ, ಬೆಳಗ್ಗೆ. ಬಾವುಟ ನೋಡಿ, ಎಲ್ಲಾ ಕಡಲ ಕಡೆಗೇ ಹಾರ್ತಿವೆ. ನೆಲದ ಗಾಳಿ ಅದು, ಹೊತ್ತು ಹುಟ್ಟೋವಾಗ ಬೀಸೋದು.”

“ಆಯ್ತಮ್ಮ, ನೆಲದ ಗಾಳಿ ಅಂದ್ರೆ ಹಡಗು ಹೊರಡೋಕೇ ಅನುಕೂಲ ಅಲ್ವೇ?”

“ಹೊರಡೋರು ಹಾಯಿಪಟ ಬಿಚ್ತಾರೆ, ಇವರು ಸುತ್ತಿ ಕಟ್ತಿದಾರೆ. ಹಡಗು ಈಗಷ್ಟೇ ಬಂದು ನಿಂತಿದೆ. ಪಕ್ಕದಲ್ಲಿ ದೋಣಿಯಿಂದ ಮೀನು ಇಳಿಸ್ತಿದಾರೆ. ಆ ಹೆಂಗಸು ಅಳ್ತಿಲ್ಲ, ಗಂಡ ಬಂದ ಅಂತ ಕೈ ಬೀಸ್ತಿದಾಳೆ.”

ಪ್ರವಾಸಿಗರು ನಕ್ಕರು. ಪ್ರೊಫೆಸರ್ ನಗಲಿಲ್ಲ. ನನ್ನ ಕುರ್ಚಿಯನ್ನೇ ಎಳೆದುಕೊಂಡು ಹತ್ತಿ, ಭೂತಗನ್ನಡಿ ಹಿಡಿದು ತುಂಬ ಹೊತ್ತು ನೋಡಿದರು. ಇಳಿದವರು, “ಇಪ್ಪತ್ತು ವರ್ಷದಿಂದ ಪಾಪ ಅವಳನ್ನ ಅಳಿಸ್ತಾ ಇದ್ನಲ್ಲಾ! ಇದನ್ನೆಲ್ಲಾ ಯಾರಮ್ಮ ಕಲಿಸಿದ್ದು?” ಎಂದರು.

“ನನ್ನ ಗಂಡ. ದೋಣಿ ಇತ್ತು ಅವರಿಗೆ.”

ಅದೇ ವಾರ ಚಿತ್ರದ ಕೆಳಗಿನ ಹಳೆಯ ಫಲಕ ಹೋಗಿ ‘ಬಂದರು, ಮುಂಜಾವು’ ಎಂಬುದು ಬಂತು. ಪ್ರೊಫೆಸರ್ ಕಾಫಿ, ಫೊಕಾಚ್ಚ ರೊಟ್ಟಿ ಕೊಡಿಸಿದರು. ಬೇಕರಿಯ ಜೆಲ್ಸೊಮಿನಾ ಈಗ ನನ್ನನ್ನು ಕಂಡರೆ, “ಬಂದ್ಲಪ್ಪಾ ಪ್ರೊಫೆಸರಮ್ಮ!” ಎಂದು ರೇಗಿಸುತ್ತಾಳೆ. ರೇಗಿಸಲಿ. ಇಷ್ಟು ಹಗುರಾಗಿ ಬದುಕಿ ಬಹಳ ದಿನವಾಗಿತ್ತು.

ಮೇರಿಯಮ್ಮ ನಿನ್ನನ್ನು ತಣ್ಣಗಿಡಲಿ.

ನಿನ್ನ ಅಮ್ಮ,
ಯೊಲಾಂಡಾ

ಮರೆತ ಮಾತಲ್ಲ, ಮೇಲೆ ಬರೆಯಲು ಧೈರ್ಯ ಬಾರದ ಮಾತು: ಹದಿನೆಂಟರಲ್ಲಿ ನೀನು ನೌಕಾಶಾಲೆಗೆ ಅರ್ಜಿ ಹಾಕಿ ಬೇಸಿಗೆಯಿಡೀ ಕಾದೆ. “ನನ್ನನ್ನ ತಗೊಳ್ಳಲಿಲ್ಲ ಅಮ್ಮ” ಎಂದು ಅತ್ತಾಗ ಸುಮ್ಮನೆ ತಲೆ ಸವರಿದೆ. ಅವರು ತೆಗೆದುಕೊಂಡಿದ್ದರು, ಮಗಳೇ. ಕಾಗದ ನನ್ನ ಕೈಗೆ ಬಂದಿತ್ತು. ನಿನ್ನಪ್ಪನನ್ನು ನುಂಗಿದ ಕಡಲಿಗೆ ನಿನ್ನನ್ನೂ ಕೊಡಲಾರದೆ ಬಚ್ಚಿಟ್ಟೆ. ಆ ಕಾಗದವನ್ನು ಇದೇ ಲಕೋಟೆಯಲ್ಲಿ ಇಟ್ಟಿದ್ದೇನೆ. ಓದಿ ನನ್ನನ್ನು ಏನು ಬೇಕಾದರೂ ಅನ್ನು. ಮಾತು ಮಾತ್ರ ಬಿಡಬೇಡ.